ಸಮನ್ಸ್ ಬಂದಾಗ ಸಿಟ್ಟು ಬೇಡ

ಗೆಳೆಯನೊಬ್ಬ ಬೆಂಗಳೂರಿನಲ್ಲಿ ಎಂಟು ಜನರ ಪುಟ್ಟ ಸಾಫ್ಟ್‌ವೇರ್ ಕಂಪನಿ ನಡೆಸ್ತಾನೆ. ಮೊನ್ನೆ ಅವನಿಗೆ ಕೋರ್ಟ್ ಸಮನ್ಸ್ ಬಂತು. ಆಫರ್ ಲೆಟರಿನಲ್ಲಿ ಬರೆದಿದ್ದ ಬೋನಸ್ ಕೊಟ್ಟಿಲ್ಲ ಅಂತ, ಕೆಲಸ ಬಿಟ್ಟ ಹುಡುಗನ ದಾವೆ. "ನೋಟಿಸ್ ಪೀರಿಯಡ್ ಮುಗಿಸದೇ ಓಡಿಹೋದವನು ಅವನು, ನಾನ್ಯಾಕೆ ಕೋರ್ಟಿಗೆ ಹೋಗ್ಲಿ?" ಅಂತ ಇವನ ಕೂಗಾಟ.

ಅಲ್ಲೇ ಎಡವೋದು ನೋಡಿ. ಸಿವಿಲ್ ದಾವೆಯಲ್ಲಿ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಕೋರ್ಟ್ ಒಪ್ಪಿದರೆ 90. ಸುಮ್ಮನೆ ಕೂತರೆ ನಮ್ಮ ಮಾತು ಕೇಳದೇ ತೀರ್ಪು ಬರಬಹುದು. ನೋಟಿಸ್ ಪೀರಿಯಡ್ ಹಣವನ್ನ ಅಲ್ಲೇ ಪ್ರತಿದಾವೆ ಹಾಕಿ ಕೇಳಬಹುದು. ಆದರೆ ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಸಿಗೋದು ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ.

ನನ್ನ ಪ್ರಕಾರ, ಬೋನಸ್ ಬರೆದುಕೊಟ್ಟಿದ್ದು ನಿಜವಾದರೆ ಕೊಟ್ಟು ರಾಜಿ ಮಾಡ್ಕೊಳ್ಳೋದೇ ಸರಿ. ಅಂದಹಾಗೆ, ಆ ಆಫರ್ ಲೆಟರನ್ನ ನೆಟ್‌ನಿಂದ ಕಾಪಿ ಮಾಡಿಕೊಟ್ಟವನು ನಾನೇ! ನೀವೇನಂತೀರಿ?