ಕಾನೂನು ಪದವಿ: ಪ್ರವೇಶದಷ್ಟೇ ಮುಖ್ಯ, ಪದವಿಯ ನಂತರದ ಮೂರು ವರ್ಷ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಬಂದೊಡನೆ ಶ್ರೀಮಠಕ್ಕೆ ಬರುವ ಪಾಲಕರಲ್ಲಿ ಹಲವರು, ‘ಮಗಳು ನ್ಯಾಯಾಧೀಶೆಯಾಗಬೇಕೆನ್ನುತ್ತಾಳೆ, ಯಾವ ಕಾಲೇಜಿಗೆ ಸೇರಿಸೋಣ?’ ಎಂದು ವಿಚಾರಿಸುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ 2025ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ತರುವಾಯ ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಅಗತ್ಯವಾಗಿದೆ: ಪದವಿ ಮುಗಿದ ಮೇಲೆ ಎಷ್ಟು ಕಾಲ ಮಗಳ ಬೆನ್ನಿಗೆ ನಿಲ್ಲಬಲ್ಲೆವು?

ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ನೇಮಕಾತಿ ಪರೀಕ್ಷೆ ಬರೆಯಲು ಕನಿಷ್ಠ 3 ವರ್ಷಗಳ ವಕೀಲಿಕೆ ಅಗತ್ಯವೆಂದು ಆ ತೀರ್ಪು ವಿಧಿಸಿದೆ. ತಾತ್ಕಾಲಿಕ ಸನ್ನದು ಪಡೆದ ದಿನದಿಂದ ಈ ಅವಧಿಯನ್ನು ಎಣಿಸಲಾಗುತ್ತದೆ. ಆದುದರಿಂದ ಪಿಯುಸಿ ನಂತರ 5 ವರ್ಷದ ಸಮಗ್ರ ಪದವಿಗೆ ಸೇರುವವರಿಗೆ ಒಟ್ಟು 8 ವರ್ಷ, ಬೇರೆ ಪದವಿ ಮುಗಿಸಿ 3 ವರ್ಷದ ಎಲ್‌ಎಲ್.ಬಿ.ಗೆ ಸೇರುವವರಿಗೆ 6 ವರ್ಷ ಬೇಕು.

ಪ್ರವೇಶಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಮಗ್ರ ಪದವಿಗೆ ಕ್ಲ್ಯಾಟ್ ಪರೀಕ್ಷೆಯನ್ನು ಬರೆಯಬೇಕು. 2 ಗಂಟೆಯಲ್ಲಿ 120 ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಕಡಿದಾದ ಏರು. ಅದನ್ನು ಏರಲಾಗದವರು ಎದೆಗುಂದಬೇಕಿಲ್ಲ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನಾಡಿನ ಹಲವು ಜಿಲ್ಲೆಗಳಲ್ಲಿವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕಗಳಿದ್ದರೆ ಅರ್ಹತೆ ದೊರೆಯುತ್ತದೆ. ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳತಕ್ಕದ್ದು. ಯಾವ ದಾರಿಯಿಂದ ಬಂದರೂ ದೊರೆಯುವ ಸನ್ನದು ಒಂದೇ. ವಕೀಲಿಕೆ ಮುಂದುವರಿಸಲು ಬರೆಯಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು.

ನಿಜವಾದ ಕಷ್ಟ ಆರಂಭವಾಗುವುದು ಕರಿಕೋಟು ತೊಟ್ಟ ಮೇಲೆ. ಹಿರಿಯರ ಕಚೇರಿಯಲ್ಲಿ ಕಡತ ಹೊತ್ತು ಕಲಿಯುವ ಆ ಕಾಲದಲ್ಲಿ ಕಿರಿಯರ ಗಳಿಕೆ ಅತ್ಯಲ್ಪ. ಹೊಲ ಒತ್ತೆಯಿಟ್ಟು ದುಬಾರಿ ಶುಲ್ಕ ತೆತ್ತ ಮನೆಯಲ್ಲಿ ಆಗ ಕೈ ಬರಿದಾಗಿರುತ್ತದೆ. ಬ್ಯಾಂಕು, ಕಂಪನಿಗಳ ಕಾನೂನು ವಿಭಾಗದ ನೌಕರಿ ಗೌರವದ್ದೇ ಸರಿ. ಆದರೆ ಸಂಬಳದ ಪೂರ್ಣಾವಧಿ ನೌಕರಿಯಲ್ಲಿರುವವರು ವಕೀಲಿಕೆ ನಡೆಸುವಂತಿಲ್ಲ. ಹೆಣ್ಣುಮಕ್ಕಳಿಗಂತೂ ಅದೇ ವಯಸ್ಸಿನಲ್ಲಿ ಮದುವೆಯ ಒತ್ತಾಯ ಎದುರಾಗುತ್ತದೆ. ನ್ಯಾಯಪೀಠದ ಕನಸು ಹೀಗೆ ಅರ್ಧದಲ್ಲಿ ಕಮರಬಾರದು.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ: ಇರುವ ಹಣವನ್ನೆಲ್ಲ ಪ್ರವೇಶಕ್ಕೇ ಸುರಿಯದೆ, ಆ ಮೂರು ವರ್ಷಗಳಿಗೆ ಒಂದು ಪಾಲನ್ನು ತೆಗೆದಿಡಿರಿ. ಭಕ್ತಸಮೂಹದಲ್ಲಿರುವ ಹಿರಿಯ ವಕೀಲರಲ್ಲಿಯೂ ಒಂದು ಮಾತು. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ನೀಡಬೇಕೆಂದು ಪರಿಷತ್ತು 2024ರಲ್ಲಿ ಸಲಹೆ ಮಾಡಿದೆ. ಅದು ಕಡ್ಡಾಯವಲ್ಲ. ಕಡ್ಡಾಯವಲ್ಲದ್ದನ್ನು ತಾವಾಗಿಯೇ ನಡೆಸಿಕೊಟ್ಟರೆ ಬಡವರ ಮನೆಯ ಮಗಳೂ ನ್ಯಾಯಪೀಠದವರೆಗೆ ನಡೆದು ಹೋದಾಳು.