ಹಳೆಯ ಎಂಜಿನ್ನಿಗೆ ಹೊಸ ಉಸಿರು

1935ರ ಸೆಪ್ಟೆಂಬರ್ ತಿಂಗಳಲ್ಲಿ ಲಂಡನ್ನಿನ ಮೇಫೇರ್ ಹೋಟೆಲಿನಲ್ಲಿ ಒಂದು ಔತಣ ನಡೆಯಿತು. ಕರೆದವನು ವಿಲಿಯಂ ಲಯನ್ಸ್ ಎಂಬ ಮೋಟಾರು ತಯಾರಕ. ಬಂದವರು ಮೋಟಾರು ವ್ಯಾಪಾರಿಗಳು. ಎಸ್.ಎಸ್. ಜಾಗ್ವಾರ್ ಎಂಬ ಹೊಸ ಕಾರನ್ನು ಅವರ ಮುಂದೆ ನಿಲ್ಲಿಸಿ, ಅದರ ಬೆಲೆ ಎಷ್ಟಿರಬಹುದೆಂದು ಚೀಟಿಯಲ್ಲಿ ಬರೆದುಕೊಡಬೇಕೆಂದು ಲಯನ್ಸ್ ಕೇಳಿದನು. ಚೀಟಿಗಳ ಸರಾಸರಿ 632 ಪೌಂಡು. ನಿಜವಾದ ಬೆಲೆಯಾದರೋ 400 ಪೌಂಡಿಗಿಂತಲೂ ಕಡಮೆ!

ಬೆಲೆ ಇಷ್ಟು ಇಳಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಾನೆಟ್ಟಿನ ಕೆಳಗೆ ಅಡಗಿತ್ತು. ಆ ಕಾರಿನ ಎಂಜಿನ್ನು ಪೂರ್ತಿಯಾಗಿ ಹೊಸದಲ್ಲ. ಸ್ಟ್ಯಾಂಡರ್ಡ್ ಕಂಪೆನಿಯು ಅದಾಗಲೇ ತಯಾರಿಸುತ್ತಿದ್ದ, ಸುಮಾರು 2.7 ಲೀಟರ್ ಗಾತ್ರದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಸಾಧಾರಣ ಎಂಜಿನ್ನು ಅದು. ಅದು ಕೊಡುತ್ತಿದ್ದುದು 70ರ ಆಸುಪಾಸಿನ ಅಶ್ವಶಕ್ತಿ. ಹೊಸ ಎಂಜಿನ್ನನ್ನು ಬುಡದಿಂದ ಕಟ್ಟುವುದು ಸಣ್ಣ ಕಂಪೆನಿಗೆ ಸುಲಭವಾದ ಮಾತಲ್ಲ. ಆದುದರಿಂದ ಲಯನ್ಸ್ ಹ್ಯಾರಿ ವೆಸ್ಲೇಕ್ ಎಂಬ ತಜ್ಞನನ್ನು ಕರೆಸಿ, ಅದೇ ಎಂಜಿನ್ನಿಗೆ ಬೇರೊಂದು ಸಿಲಿಂಡರ್ ಹೆಡ್ಡನ್ನು ರೂಪಿಸಲು ಒಪ್ಪಿಸಿದನು. ವೆಸ್ಲೇಕನು ಪಕ್ಕದಲ್ಲಿದ್ದ ಕವಾಟಗಳನ್ನು ಸಿಲಿಂಡರಿನ ನೆತ್ತಿಗೆ ತಂದು, ಗಾಳಿಯ ದಾರಿಯನ್ನು ತಿದ್ದಿದನು. ಎಂಜಿನ್ನಿನ ಗಾತ್ರ ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಶಕ್ತಿ ಮಾತ್ರ 100ನ್ನು ದಾಟಿತು.

ಇದು ಹೇಗಾಯಿತು? ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಲೋಹದ ಎರಕಕ್ಕೆ ಹೆಡ್ ಎಂದು ಹೆಸರು. ಮೇಲುನೋಟಕ್ಕೆ ಅದು ಮುಚ್ಚಳವೇ. ಕೆಲಸದಲ್ಲಿ ಅದು ಎಂಜಿನ್ನಿನ ಮೂಗು, ಬಾಯಿ, ಗಂಟಲು. ಪೆಟ್ರೋಲಿನ ಆವಿ ಬೆರೆತ ಗಾಳಿ ಅದರ ದ್ವಾರಗಳಿಂದ ಒಳಹೊಕ್ಕು, ಉರಿದ ಹೊಗೆ ಅದರ ದ್ವಾರಗಳಿಂದಲೇ ಹೊರಬೀಳಬೇಕು. ಎಂಜಿನ್ನು ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಪಿಸ್ಟನ್ನು ಒಮ್ಮೆ ಕೆಳಗಿಳಿಯಲು ಹಿಡಿಯುವ ಕಾಲ ಒಂದು ಸೆಕೆಂಡಿನ ನೂರಮೂವತ್ತನೆಯ ಒಂದು ಪಾಲಿಗಿಂತಲೂ ಕಡಮೆ. ಸಿಲಿಂಡರು ತನ್ನ ಉಸಿರನ್ನು ಹೆಚ್ಚುಕಡಮೆ ಅಷ್ಟರಲ್ಲೇ ಎಳೆದುಕೊಳ್ಳಬೇಕು. ದಾರಿ ಇಕ್ಕಟ್ಟಾಗಿದ್ದರೆ, ತಿರುವು ಒರಟಾಗಿದ್ದರೆ, ಸಿಲಿಂಡರು ಅರೆಹೊಟ್ಟೆಯಲ್ಲೇ ದುಡಿಯುತ್ತದೆ.

ಜನಸಾಮಾನ್ಯರ ಕಾರುಗಳಲ್ಲಿ ಈ ದಾರಿಯನ್ನು ಮಿತವ್ಯಯಕ್ಕಾಗಿ ಬೇಕೆಂದೇ ಕಿರಿದು ಮಾಡುತ್ತಿದ್ದರು. 1929ರ ಮಾದರಿಯಾಗಿ ಅಮೆರಿಕದಲ್ಲಿ ಹೊರಟ ಷೆವರ್ಲೆಯ ಆರು ಸಿಲಿಂಡರಿನ ಎಂಜಿನ್ನು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ತಯಾರಕರಾದ ಜನರಲ್ ಮೋಟಾರ್ಸಿನವರು 1928ರಲ್ಲಿಯೇ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದಿದ್ದುದರಿಂದ, ಭಾರತದ ರಸ್ತೆಗಳಿಗೂ ಷೆವರ್ಲೆ ಅಪರಿಚಿತವಾಗಿರಲಿಲ್ಲ. ಆರು ಸಿಲಿಂಡರುಗಳ ಸಾಲಿನಲ್ಲಿ ಒಂದರ ಅದುರನ್ನು ಇನ್ನೊಂದು ಸರಿದೂಗಿಸುವುದರಿಂದ ಅದು ನಯವಾಗಿ ಓಡುತ್ತಿತ್ತು, ವರ್ಷಗಟ್ಟಲೆ ಬಾಳುತ್ತಿತ್ತು. ಆದರೆ ಆರು ಸಿಲಿಂಡರುಗಳಿಗೆ ಗಾಳಿ ಒಳಬರಲು ಇದ್ದುವು ಮೂರೇ ದ್ವಾರಗಳು. ಎರಡೆರಡು ಸಿಲಿಂಡರುಗಳಿಗೆ ಒಂದೊಂದು ದ್ವಾರ; ಇಬ್ಬರು ಮಕ್ಕಳು ಒಂದೇ ಲೋಟದಿಂದ ಹಾಲು ಕುಡಿಯಹೊರಟಂತೆ. ಮೆಲ್ಲನೆ ಕುಡಿಯುವಾಗ ಜಗಳವಿಲ್ಲ. ಅವಸರ ಬಿದ್ದಾಗ ಒಬ್ಬನ ಪಾಲಿಗೆ ಇನ್ನೊಬ್ಬನು ಅಡ್ಡಬರುತ್ತಾನೆ.

ದ್ವಿತೀಯ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಒಣಗಿದ ಕೆರೆಯಂಗಳಗಳಲ್ಲಿ ಹಳೆಯ ಕಾರುಗಳನ್ನು ಓಡಿಸಿ ವೇಗದ ಪಂದ್ಯ ಕಟ್ಟುತ್ತಿದ್ದರು. ಅವರಲ್ಲಿ ಹೆಚ್ಚಿನವರ ಮೆಚ್ಚುಗೆ 1932ರಲ್ಲಿ ಫೋರ್ಡ್ ಕಂಪೆನಿ ಹೊರತಂದ ವಿ-8 ಎಂಜಿನ್ನಿಗೆ. ಷೆವರ್ಲೆಯ ಆರು ಸಿಲಿಂಡರು ಮನೆವಾರ್ತೆಯ ಗಾಡಿಗೆ ತಕ್ಕದ್ದೆಂದು ಅವರ ಎಣಿಕೆ. ಈ ಎಣಿಕೆಯನ್ನು ಒಪ್ಪದವರಲ್ಲಿ ವೇಯ್ನ್ ಹಾರ್ನಿಂಗ್ ಒಬ್ಬನು. ಆತನು ಆ ಎಂಜಿನ್ನಿಗೆಂದೇ ಹೊಸ ಹೆಡ್ಡನ್ನು ಎರಕ ಹೊಯ್ಯಿಸಿದನು. ಅದರಲ್ಲಿ ಒಟ್ಟು ಹನ್ನೆರಡು ದ್ವಾರಗಳು: ಪ್ರತಿಯೊಂದು ಸಿಲಿಂಡರಿಗೂ ಒಳಬರಲು ಒಂದು, ಹೊರಹೋಗಲು ಒಂದು. ಲೋಟ ಎಲ್ಲರಿಗೂ ಬೇರೆಬೇರೆಯಾಯಿತು. ಹಗುರಾಗಿ ಕಾಣುತ್ತಿದ್ದ ಆ ಎಂಜಿನ್ನು ಪಂದ್ಯದ ಕಣದಲ್ಲಿ ಗೌರವ ಪಡೆಯಿತು.

ಇದೇ ಕತೆ ಭೂಗೋಳದ ಇನ್ನೊಂದು ಕಡೆಯಲ್ಲಿಯೂ ನಡೆಯಿತು. ಆಸ್ಟ್ರೇಲಿಯದಲ್ಲಿ 1948ರಲ್ಲಿ ಹೊರಬಂದ ಹೋಲ್ಡನ್ ಕಾರಿನ ಆರು ಸಿಲಿಂಡರಿನ ಎಂಜಿನ್ನು 60 ಅಶ್ವಶಕ್ತಿಯದು. ಅಲ್ಲಿ ಗಾಳಿ ಒಳಬರುವುದೂ ಹೊಗೆ ಹೊರಹೋಗುವುದೂ ಒಂದೇ ಮಗ್ಗುಲಿನಿಂದ. ವಿನ್ಸೆಂಟ್ ಮೋಟಾರ್ ಸೈಕಲ್ಲುಗಳ ಎಂಜಿನ್ನುಗಳಿಂದ ಹೆಸರಾಗಿದ್ದ ಫಿಲ್ ಅರ್ವಿಂಗ್ 1950ರ ದಶಕದ ಉತ್ತರಾರ್ಧದಲ್ಲಿ ರೆಪ್ಕೊ ಕಂಪೆನಿಗಾಗಿ ಆ ಎಂಜಿನ್ನಿಗೆ ಹೊಸ ಹೆಡ್ಡನ್ನು ರೂಪಿಸಿದನು. ಗಾಳಿ ಒಂದು ಮಗ್ಗುಲಿನಿಂದ ಬಂದು ಸಿಲಿಂಡರನ್ನು ಹಾದು ಇನ್ನೊಂದು ಮಗ್ಗುಲಿನಿಂದ ಹೊರಡುವಂತೆ ಮಾಡಿದನು. 1966ರಲ್ಲಿ ಜ್ಯಾಕ್ ಬ್ರಾಭಂ ತನ್ನದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್ನನಾದಾಗ, ಅದರೊಳಗಿದ್ದ ರೆಪ್ಕೊ ಎಂಜಿನ್ನು ಇದೇ ಅರ್ವಿಂಗನ ರಚನೆ. ಅದರ ತಳಭಾಗವೂ ಓಲ್ಡ್ಸ್‌ಮೊಬೀಲ್ ಎಂಬ ಅಮೆರಿಕನ್ ಕಾರಿಗಾಗಿ ಎರಕಗೊಂಡದ್ದು. ಅದರ ಮೇಲೆ ಕುಳಿತ ಹೆಡ್ಡುಗಳು ಮಾತ್ರ ಹೊಸವು.

ಇಷ್ಟನ್ನು ಕೇಳಿದವರಿಗೆ ದ್ವಾರವನ್ನು ಕೊರೆದು ಅಗಲ ಮಾಡಿದರೆ ಸಾಕೆಂದು ತೋರಬಹುದು. ಹೊಸಬರು ಮಾಡುವ ಮೊದಲ ತಪ್ಪು ಇದೇ. ದ್ವಾರ ಹಿಗ್ಗಿದಷ್ಟೂ ಗಾಳಿಯ ವೇಗ ಕುಗ್ಗುತ್ತದೆ. ವೇಗ ಕುಗ್ಗಿದರೆ ಪೆಟ್ರೋಲಿನ ಹನಿಗಳು ಗಾಳಿಯಿಂದ ಬೇರ್ಪಟ್ಟು ಗೋಡೆಗೆ ಅಂಟಿಕೊಳ್ಳುತ್ತವೆ. ಬಲ್ಲ ಕಸುಬುದಾರನು ಆದುದರಿಂದ ಮೊದಲು ಅಳೆಯುತ್ತಾನೆ. ಹೆಡ್ಡನ್ನು ಒಂದು ಸಾಧನಕ್ಕೆ ಬಿಗಿದು, ಅದರ ಮೂಲಕ ಗಾಳಿಯನ್ನು ಹಾಯಿಸಿ, ಎಷ್ಟು ಗಾಳಿ ಸಾಗಿತೆಂದು ನೋಡುತ್ತಾನೆ; ಎಳ್ಳಷ್ಟು ಉಜ್ಜಿ ಮತ್ತೆ ಅಳೆಯುತ್ತಾನೆ. ಕೆಲವೊಮ್ಮೆ ಲೋಹವನ್ನು ತೆಗೆಯುವ ಬದಲು ಸೇರಿಸಬೇಕಾಗುವುದೂ ಉಂಟು. 1960ರ ದಶಕದಲ್ಲಿ ಬಂದ ಷೆವರ್ಲೆಯ ಮುಂದಿನ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ದ್ವಾರದ ನಟ್ಟನಡುವೆ ಬೋಲ್ಟಿಗಾಗಿ ಬಿಟ್ಟ ಕಂಬವೊಂದು ನಿಂತಿರುತ್ತದೆ. ಕಸುಬುದಾರರು ಅದನ್ನು ಕಡಿದು ಹಾಕಿ, ದ್ವಾರದ ನೆಲದಲ್ಲಿ ಲೋಹದ ಗುಬ್ಬಿಯೊಂದನ್ನು ಕೂರಿಸುತ್ತಾರೆ. ಕವಾಟದ ಬಳಿ ಥಟ್ಟನೆ ತಿರುಗಲಾರದೆ ಮುಗ್ಗರಿಸುತ್ತಿದ್ದ ಗಾಳಿ ಆ ಗುಬ್ಬಿಯನ್ನೇರಿ ನಯವಾಗಿ ಕೆಳಗಿಳಿಯುತ್ತದೆ. ಎಡೆ ಕಿರಿದಾಯಿತು, ಆದರೂ ಸಾಗುವ ಗಾಳಿ ಹೆಚ್ಚಾಯಿತು!

ಕೈ ತಪ್ಪಿದರೆ ಆಗುವ ನಷ್ಟವಾದರೋ ತುಂಬಲಾರದ್ದು. ದ್ವಾರದ ಗೋಡೆಯ ಹಿಂದೆಯೇ ಎಂಜಿನ್ನನ್ನು ತಣಿಸುವ ನೀರು ಹರಿಯುತ್ತಿರುತ್ತದೆ. ಉಜ್ಜುವವನು ಒಂದಿಷ್ಟು ಆಳಕ್ಕಿಳಿದರೆ ಗೋಡೆ ತೂತಾಗಿ ಹೆಡ್ಡೇ ಕೆಡುತ್ತದೆ. ಅರ್ಧ ಶತಮಾನಕ್ಕೂ ಹಿಂದಿನ ಆ ಎರಕಗಳನ್ನು ಇಂದು ಕಾರ್ಖಾನೆಗಳು ಹೊಯ್ಯುವುದಿಲ್ಲ. ಕೆಟ್ಟದ್ದು ಕೆಟ್ಟಿತೆಂದೇ ಲೆಕ್ಕ. ಒತ್ತಡವನ್ನು ಹೆಚ್ಚಿಸಲೆಂದು ಹೆಡ್ಡಿನ ತಳವನ್ನು ಅತಿಯಾಗಿ ಹೆರೆದರೂ ಅಪಾಯವೇ: ಇಂಧನ ಹದ ತಪ್ಪಿ ಸಿಡಿಯುತ್ತದೆ, ಪಿಸ್ಟನ್ನು ಒಡೆಯುತ್ತದೆ.

ಮೇಲಿನ ಕೆಲಸ ನಿರ್ದೋಷವಾಗಿದ್ದಾಗಲೂ ಕೆಳಗಿನ ಭಾಗವನ್ನು ಮರೆಯುವಂತಿಲ್ಲ. ಷೆವರ್ಲೆಯ ಮೊದಲ ಕಾಲದ ಎಂಜಿನ್ನುಗಳಲ್ಲಿ ಪಿಸ್ಟನ್ ಸರಳುಗಳ ಬೇರಿಂಗುಗಳಿಗೆ ಎಣ್ಣೆ ಒತ್ತಡದಿಂದ ಬರುತ್ತಿರಲಿಲ್ಲ. ಸರಳಿನ ತುದಿಯ ಸಣ್ಣ ಸೌಟುಗಳು ಎಣ್ಣೆಯನ್ನು ಮೊಗೆದುಕೊಳ್ಳುತ್ತಿದ್ದುವು. ಗೃಹಸ್ಥನ ವೇಗಕ್ಕೆ ಅದು ಸಾಕಾಗಿತ್ತು. ಹೆಡ್ಡು ಬದಲಾಗಿ ವೇಗ ಏರಿದಾಗ ಅದೇ ಮುಳುವಾಗುತ್ತಿತ್ತು. ಉಸಿರನ್ನು ಕೊಟ್ಟವನು ಆ ಉಸಿರಿನಿಂದ ಬರುವ ಬಲವನ್ನು ತಡೆಯುವ ಎಲುಬನ್ನೂ ಕೊಡಬೇಕಾಗುತ್ತದೆ. ಇದನ್ನು ಅರಿಯದವರ ಎಂಜಿನ್ನುಗಳು ಒಂದೆರಡು ಪಂದ್ಯಗಳಲ್ಲಿಯೇ ಮುಗಿದುಹೋದುವು.

1955ರಲ್ಲಿ ಷೆವರ್ಲೆ ಕಂಪೆನಿಯೇ ಹಗುರವಾದ ಹೊಸ ವಿ-8 ಎಂಜಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಸಾಧಾರಣ ಮಾದರಿಯೇ 162 ಅಶ್ವಶಕ್ತಿಯದು. ಆರು ಸಿಲಿಂಡರಿನವರು ತಿಂಗಳುಗಟ್ಟಲೆ ಬೆವರು ಸುರಿಸಿ ಪಡೆಯುತ್ತಿದ್ದುದನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವಂತಾಯಿತು. ಅಲ್ಲಿಗೆ ಈ ಕಸುಬು ಅಳಿಯಬೇಕಾಗಿತ್ತು, ಅಳಿಯಲಿಲ್ಲ. ತಮ್ಮನ್ನು ಸೋಲಿಸಿದ ವಿ-8 ಎಂಜಿನ್ನನ್ನೇ ಕೆಲವರು ಉಪಯೋಗಕ್ಕೆ ತಂದುಕೊಂಡರು. ಅದರಲ್ಲಿಯೂ 1960ರ ದಶಕದ ಆರು ಸಿಲಿಂಡರಿನಲ್ಲಿಯೂ ಒಂದು ಸಿಲಿಂಡರಿನ ನಡುವಿನಿಂದ ಮುಂದಿನದರ ನಡುವಿಗೆ ಇರುವ ಅಂತರ 4.4 ಅಂಗುಲ. ಎರಡು ವಿ-8 ಹೆಡ್ಡುಗಳನ್ನು ಕೊಯ್ದು, ಬೇಕಾದಷ್ಟನ್ನು ಬೆಸೆದು, ಆರು ಸಿಲಿಂಡರಿಗೆ ಒಂದೇ ಹೆಡ್ಡನ್ನಾಗಿ ಮಾಡುವವರು ಇಂದಿಗೂ ಇದ್ದಾರೆ. ಬೀಡುಕಬ್ಬಿಣವನ್ನು ಮೆಲ್ಲಗೆ ಕಾಯಿಸಿ, ಮೆಲ್ಲಗೆ ಬೆಸೆದು, ಇನ್ನೂ ಮೆಲ್ಲಗೆ ಆರಿಸಬೇಕು. ಅವಸರಿಸಿದರೆ ಬಿರುಕು ಬಿಡುತ್ತದೆ. ಬಳಿಕ ಹೊಂದದ ನೀರಿನ ರಂಧ್ರಗಳನ್ನು ಮುಚ್ಚಿ, ತಳವನ್ನು ಕನ್ನಡಿಯಂತೆ ಸಮಮಾಡಬೇಕು.

ಇಷ್ಟು ಶ್ರಮದ ಹಣದಲ್ಲಿ ಇದಕ್ಕಿಂತ ಬಲವಾದ ಎಂಜಿನ್ನೇ ಬರುತ್ತದಲ್ಲವೆ ಎಂದು ಲೆಕ್ಕಾಚಾರದವರು ಕೇಳುವುದುಂಟು. ಅವರ ಲೆಕ್ಕ ತಪ್ಪಲ್ಲ. ಆದರೆ ತಂದೆಯ ಕಾಲದಿಂದ ಮನೆಯಲ್ಲಿರುವ ಗಾಡಿಯ ಒಡೆಯನಿಗೆ ಬೇರೆ ಎಂಜಿನ್ನು ಬೇಕಾಗಿಲ್ಲ. ಇರುವ ಎಂಜಿನ್ನು ತನ್ನಲ್ಲಿರುವುದನ್ನೆಲ್ಲ ಕೊಡುವುದನ್ನು ಆತನು ಕಾಣಬೇಕಾಗಿದೆ. ಆ ಎಂಜಿನ್ನು ಇಷ್ಟು ದಿನ ಸೋತದ್ದು ಬಲವಿಲ್ಲದೆ ಅಲ್ಲ, ಉಸಿರಾಡಲು ದಾರಿಯಿಲ್ಲದೆ. ದಾರಿ ಸರಿಯಾದ ದಿನ ಅದೇ ಹಳೆಯ ಕಬ್ಬಿಣ, ಅದೇ ಆರು ಸಿಲಿಂಡರುಗಳು, ಬೇರೆಯೇ ದನಿಯಲ್ಲಿ ಮಾತನಾಡುತ್ತವೆ.