ನಮೂನೆ ಇನ್ನೊಬ್ಬರದು, ಕೈ ನಮ್ಮದು

"ಅದೇನು ಮಹಾ, ಪುಸ್ತಕ ನೋಡಿಕೊಂಡು ಮಾಡಿದ್ದು ತಾನೆ!" ಕೈಗೆಲಸದ ಪ್ರದರ್ಶನದ ಮೇಜಿನ ಮುಂದೆ ನಿಂತವರ ಬಾಯಿಂದ ಈ ಮಾತು ಹೊರಡುವುದನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಕೇಳಿರುತ್ತೇವೆ. ಮಾತನ್ನಾಡಿದವರು ಮುಂದಿನ ಮೇಜಿಗೆ ಹೊರಟುಹೋಗುತ್ತಾರೆ. ವಸ್ತುವನ್ನು ಮಾಡಿದವರು ಮಾತ್ರ ತಪ್ಪಿತಸ್ಥರಂತೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಬಹುಮಾನದ ನಿಯಮಗಳಲ್ಲಿಯೂ "ಕೃತಿಯು ಸ್ವಂತ ಕಲ್ಪನೆಯದಾಗಿರತಕ್ಕದ್ದು" ಎಂಬ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಾದರೆ, ಇನ್ನೊಬ್ಬರು ಬರೆದ ನಮೂನೆಯನ್ನು ಎದುರಿಗಿಟ್ಟುಕೊಂಡು ಮಾಡಿದ ಕೆಲಸವೆಲ್ಲ ಬರಿಯ ನಕಲೇ? ಅದರಲ್ಲಿ ಮಾಡಿದವರದೆಂಬುದು ಏನೂ ಇಲ್ಲವೇ? ಈ ಪ್ರಶ್ನೆಯನ್ನು ವರ್ಣಗಾಜಿನ ಹವ್ಯಾಸದ ದೃಷ್ಟಾಂತದಿಂದ ವಿಚಾರ ಮಾಡಬೇಕೆಂಬುದು ನನ್ನ ಉದ್ದೇಶ. ನಮೂನೆಯ ಪಾಲೆಷ್ಟು, ಕೈಯ ಪಾಲೆಷ್ಟು ಎಂಬುದು ಈ ಕೆಲಸದಲ್ಲಿ ಬೇರೆ ಬೇರೆಯಾಗಿ ಎದ್ದು ಕಾಣುವುದರಿಂದ ಇದನ್ನೇ ಆರಿಸಿಕೊಂಡಿದ್ದೇನೆ.

ವರ್ಣಗಾಜು ಎಂದರೇನೆಂದು ಮೈಸೂರು ಅರಮನೆಯನ್ನು ನೋಡಿದವರಿಗೆ ಹೇಳಬೇಕಾದುದಿಲ್ಲ. ೧೮೯೭ರಿಂದ ೧೯೧೨ರ ವರೆಗೆ ಕಟ್ಟಿದ ಆ ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿದರೆ ನವಿಲುಗಳ ಚಿತ್ತಾರದ ಗಾಜಿನ ಛಾವಣಿ ಕಾಣುತ್ತದೆ. ಆ ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದದ್ದು. ಬಣ್ಣಬಣ್ಣದ ಗಾಜನ್ನು ತುಂಡು ತುಂಡಾಗಿ ಕೊಯ್ದು, ಆ ತುಂಡುಗಳನ್ನು ಲೋಹದ ಪಟ್ಟಿಗಳಿಂದ ಒಂದಕ್ಕೊಂದು ಕೂಡಿಸಿ ಚಿತ್ರವನ್ನಾಗಿ ಮಾಡುವುದು ಈ ಕಲೆಯ ಮೂಲವಿಧಾನ. ಗಾಜಿನ ಬಣ್ಣ ಬಹುಮಟ್ಟಿಗೆ ಮೇಲೆ ಬಳಿದುದಲ್ಲ; ಗಾಜು ಕರಗಿರುವಾಗಲೇ ಕೋಬಾಲ್ಟ್, ತಾಮ್ರ ಮೊದಲಾದ ಲೋಹಗಳ ಅಂಶವನ್ನು ಬೆರಸಿ ಬರಿಸಿದುದು. ಆದಕಾರಣ ಬೆಳಕು ಅದರ ಮೂಲಕ ಹಾಯ್ದು ಬಂದಾಗಲೇ ಅದರ ನಿಜವಾದ ಸೊಬಗು ತಿಳಿಯುವುದು.

ಈ ಕಲೆ ಬೆಳೆದದ್ದು ಯೂರೋಪಿನ ದೊಡ್ಡ ದೊಡ್ಡ ಚರ್ಚುಗಳಲ್ಲಿ. ೧೨೪೮ರಲ್ಲಿ ಪ್ರತಿಷ್ಠೆಯಾದ ಪ್ಯಾರಿಸಿನ ಸೇಂತ್ ಶಪೆಲ್ ದೇವಾಲಯದಲ್ಲಿ ಗೋಡೆಗಿಂತ ಗಾಜೇ ಹೆಚ್ಚೆನ್ನುವಂತಿದೆ. ಅರಸರೂ ಧರ್ಮಾಧಿಕಾರಿಗಳೂ ಮಾಡಿಸುತ್ತಿದ್ದ ಇಂತಹ ಕೆಲಸ ಇಂದು ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಸಾಮಾನ್ಯ ಜನರ ಮನೆಯ ಹಿತ್ತಲ ಕೋಣೆಗೂ ಅಡಿಗೆಮನೆಯ ಮೇಜಿಗೂ ಬಂದಿದೆ. ಅಮೆರಿಕದಲ್ಲಿ ವಿಶೇಷವಾಗಿ ೧೯೭೦ರ ದಶಕದಿಂದೀಚೆಗೆ ಇದು ಜನಪ್ರಿಯ ಹವ್ಯಾಸವಾಗಿ ಬೆಳೆಯಿತು. ಗುಮಾಸ್ತರು, ಉಪಾಧ್ಯಾಯಿನಿಯರು, ನಿವೃತ್ತರಾದವರು ಸಂಜೆಯ ಹೊತ್ತು ಕುಳಿತು ಕಿಟಕಿಗೆ ತೂಗುಹಾಕುವ ಹಕ್ಕಿ, ಹೂವು, ದೀಪದ ಮುಸುಕು, ಸಣ್ಣ ಪೆಟ್ಟಿಗೆ, ಕನ್ನಡಿಯ ಚೌಕಟ್ಟು ಇಂತಹವನ್ನು ಮಾಡುತ್ತಾರೆ. ಇವರಿಗಾಗಿಯೇ ನಮೂನೆಗಳ ಪುಸ್ತಕಗಳು ಅಚ್ಚಾಗುತ್ತವೆ. ಬಿಡಿ ಹಾಳೆಗಳೂ ಸಿಕ್ಕುತ್ತವೆ. ಒಂದೇ ನಮೂನೆಯನ್ನು ಒಬ್ಬರು ಗಾಜಿನಲ್ಲಿ ಮಾಡಿದರೆ, ಇನ್ನೊಬ್ಬರು ಒಡೆದ ತಟ್ಟೆಯ ಚೂರುಗಳನ್ನು ಅಂಟಿಸಿ ಮೇಜಿನ ಮೇಲ್ಮೈ ಮಾಡುತ್ತಾರೆ. ಮತ್ತೊಬ್ಬರು ಬಣ್ಣದ ಬಟ್ಟೆಯ ತುಂಡುಗಳ ನಡುವೆ ಕಪ್ಪು ಪಟ್ಟಿ ಹೊಲಿದು ಗಾಜಿನ ಕಿಟಕಿಯನ್ನು ಹೋಲುವ ಕೌದಿ ಮಾಡುತ್ತಾರೆ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ನಮೂನೆಯ ಎರಡು ಪ್ರತಿಗಳನ್ನು ತೆಗೆದು, ಎರಡರಲ್ಲಿಯೂ ಪ್ರತಿಯೊಂದು ತುಂಡಿಗೂ ಅದೇ ಅಂಕಿಯನ್ನು ಹಾಕಬೇಕು. ಒಂದು ಪ್ರತಿ ಮೇಜಿನ ಮೇಲೆ ಹಾಸಿರುತ್ತದೆ. ಇನ್ನೊಂದನ್ನು ಕತ್ತರಿಸಿ ಗಾಜಿನ ಮೇಲಿಟ್ಟು ಗೆರೆ ಎಳೆದುಕೊಳ್ಳಬೇಕು. ಇದಕ್ಕೆಂದು ಇರುವ ಕತ್ತರಿ ಎರಡು ತುಂಡುಗಳ ನಡುವೆ ಕಾಗದದ ಸಣ್ಣ ಎಳೆಯೊಂದನ್ನು ತೆಗೆದುಬಿಡುತ್ತದೆ; ಆ ಎಡೆ ಲೋಹಕ್ಕೆ ಬೇಕಾದ ಜಾಗ. ಆಮೇಲೆ ಗಾಜಿನ ಸರದಿ. ಗಾಜನ್ನು ನಾವು ಬಟ್ಟೆಯಂತೆ ಕತ್ತರಿಸುವುದಿಲ್ಲ. ಸಣ್ಣ ಚಕ್ರದಿಂದ ಅದರ ಮೇಲೆ ಗೀರೆಳೆದು, ಗೀರಿನ ಉದ್ದಕ್ಕೆ ಮುರಿಯುತ್ತೇವೆ. ಒಮ್ಮೆ ಎಳೆದ ಗೀರಿನ ಮೇಲೆ ಮತ್ತೊಮ್ಮೆ ಚಕ್ರ ಓಡಿಸಬಾರದು. ಓಡಿಸಿದರೆ ಚಕ್ರವೂ ಕೆಡುತ್ತದೆ, ಗಾಜೂ ಎಲ್ಲೆಂದರಲ್ಲಿ ಸೀಳುತ್ತದೆ. ತುಂಡಿನ ಅಂಚನ್ನು ಮಸೆದು, ಸುತ್ತಲೂ ತೆಳ್ಳನೆಯ ತಾಮ್ರದ ಪಟ್ಟಿಯನ್ನು ಅಂಟಿಸಿ, ಎಲ್ಲವನ್ನೂ ಹಾಸಿದ ನಮೂನೆಯ ಮೇಲೆ ಜೋಡಿಸಿ, ತವರ ಸೀಸಗಳ ಮಿಶ್ರಣದಿಂದ ಬೆಸುಗೆ ಹಾಕಿದರೆ ಕೆಲಸ ಮುಗಿಯಿತು. ದೊಡ್ಡ ಕಿಟಕಿಗಳಿಗೆ ತಾಮ್ರದ ಪಟ್ಟಿಯ ಬದಲು, ಎರಡು ಕಡೆಯೂ ಕಾಲುವೆಯಂತಿರುವ ಸೀಸದ ಸರಳುಗಳನ್ನು ಉಪಯೋಗಿಸುವುದುಂಟು.

ಇಷ್ಟು ಕೆಲಸದಲ್ಲಿ ನಮೂನೆ ಕೊಟ್ಟದ್ದೇನು? ಗೆರೆಯನ್ನು ಕೊಟ್ಟಿತು. ಒಳ್ಳೆಯ ಗೆರೆಯನ್ನು ಕೊಡುವುದೂ ಸುಲಭವಲ್ಲ. ಗಾಜಿನ ತುಂಡಿನ ಒಳಕ್ಕೆ ಚೂಪಾದ ಮೂಲೆಯನ್ನು ಚಕ್ರದಿಂದ ಕೊಯ್ಯಲಾಗುವುದಿಲ್ಲ. ಆಳವಾದ ಒಳಬಾಗು ಕೊಟ್ಟರೆ ಮುರಿದುಹೋಗುತ್ತದೆ. ಒಂದೇ ನೇರ ಗೆರೆ ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಹಾಯ್ದರೆ ಇಡೀ ಫಲಕವೇ ಬಾಗಿಲ ಕೀಲಿನಂತೆ ಅಲ್ಲಿ ಮಡಿಸಿಕೊಳ್ಳುವ ಭಯವಿದೆ. ಇವನ್ನೆಲ್ಲ ತಿಳಿದು ಗೆರೆ ಎಳೆಯಬಲ್ಲವರು ಅನುಭವಸ್ಥರು. ಅವರ ನಮೂನೆಯನ್ನು ಹಿಡಿದು ಕೆಲಸ ಮಾಡುವ ಹೊಸಬರು ತಮಗರಿವಿಲ್ಲದೆಯೇ ಆ ಅನುಭವವನ್ನು ಕಲಿಯುತ್ತಾರೆ. ವ್ಯಾಕರಣವನ್ನು ಬಲ್ಲವರ ವಾಕ್ಯಗಳನ್ನು ಓದಿ ಓದಿ ನಾವು ಭಾಷೆಯನ್ನು ಕಲಿತಂತೆಯೇ ಇದು.

ಆದರೆ ನಮೂನೆ ಬಣ್ಣವನ್ನು ಕೊಡುವುದಿಲ್ಲ, ಬೆಳಕನ್ನು ಕೊಡುವುದಿಲ್ಲ. "ಹಸಿರು" ಎಂದು ಹಾಳೆಯ ಮೇಲೆ ಬರೆದಿದ್ದರೂ ಯಾವ ಹಸಿರು? ಮಳೆಗಾಲದ ಗದ್ದೆಯ ಹಸಿರೋ, ಹಣ್ಣಾಗಲಿರುವ ಮಾವಿನೆಲೆಯ ಹಸಿರೋ? ಗಾಜಿನಲ್ಲಿ ತಿಳಿಯಾದುದುಂಟು, ಹಾಲು ಬೆರಸಿದಂತಹುದುಂಟು, ಒಂದರೊಳಗೊಂದು ಬಣ್ಣ ಹರಿದಂತಹುದುಂಟು. ಆ ಹರಿವು ಎಲೆಯ ನರದ ದಿಕ್ಕಿಗೆ ಬರುವಂತೆ ಹಾಳೆಯನ್ನು ತಿರುಗಿಸಿಟ್ಟು ಕೊಯ್ದರೆ ಎಲೆಗೆ ಜೀವ ಬರುತ್ತದೆ. ಅಡ್ಡಲಾಗಿ ಕೊಯ್ದರೆ ಬರಿಯ ಹಸಿರು ಚೂರಾಗಿ ಉಳಿಯುತ್ತದೆ. ಪೂರ್ವದ ಕಿಟಕಿಗೆ ಒಪ್ಪುವ ಬಣ್ಣ ಉತ್ತರದ ಕಿಟಕಿಗೆ ಒಪ್ಪಬೇಕೆಂಬುದಿಲ್ಲ. ಈ ಆಯ್ಕೆಗಳಲ್ಲಿ ಒಂದಾದರೂ ಪುಸ್ತಕದಲ್ಲಿ ಸಿಕ್ಕುವಂತಹುದಲ್ಲ. ಹತ್ತು ಜನ ಹವ್ಯಾಸಿಗಳಿಗೆ ಒಂದೇ ನಮೂನೆಯನ್ನು ಕೊಟ್ಟರೆ ಹತ್ತು ಬೇರೆ ಬೇರೆ ಕಿಟಕಿಗಳಾಗುತ್ತವೆ ಎನ್ನುವುದು ಇದಕ್ಕಾಗಿಯೇ.

ಚರಿತ್ರೆಯೂ ಇದಕ್ಕೆ ಸಾಕ್ಷಿಯಾಗಿದೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಥಿಯೋಫಿಲಸ್ ಎಂಬ ಹೆಸರಿನಲ್ಲಿ ಬರೆದ ಸನ್ಯಾಸಿಯೊಬ್ಬರು ಈ ಕೆಲಸದ ಕ್ರಮವನ್ನು ಲ್ಯಾಟಿನ್ ಭಾಷೆಯಲ್ಲಿ ವಿವರಿಸಿದ್ದಾರೆ. ಮರದ ಹಲಗೆಗೆ ಸುಣ್ಣದಂತಹ ಬಿಳಿಯ ಪುಡಿಯನ್ನು ತಿಕ್ಕಿ, ಅದರ ಮೇಲೆ ಚಿತ್ರ ಬರೆದು, ಒಂದೊಂದು ಭಾಗದ ಬಣ್ಣವನ್ನು ಅಕ್ಷರದಿಂದ ಗುರುತಿಸಿ, ಕಾದ ಕಬ್ಬಿಣದಿಂದ ಗಾಜನ್ನು ಬಿರಿಯಿಸುವುದು ಅವರು ಹೇಳುವ ರೀತಿ. ಎಂದರೆ, ನಮೂನೆಯ ಮೇಲೆ ಗಾಜನ್ನಿಟ್ಟು ಕೆಲಸ ಮಾಡುವುದು ಎಂಟು ನೂರು ವರ್ಷಗಳಿಗೂ ಮೀರಿದ ಸಂಪ್ರದಾಯ. ಮುಂದೆ ಇಂಗ್ಲೆಂಡಿನ ಗಾಜಿನ ಕುಶಲಕರ್ಮಿಗಳು ತಮ್ಮ ನಮೂನೆಯ ಸುರುಳಿಗಳನ್ನು ಮರಣಶಾಸನದಲ್ಲಿ ಮಗನಿಗೋ ಶಿಷ್ಯನಿಗೋ ಬಿಟ್ಟುಹೋಗುತ್ತಿದ್ದರು. ಆಸ್ತಿಯಂತೆ ಕೈಬದಲಾಯಿಸುವ ನಮೂನೆಯನ್ನು ಬಳಸಿದುದಕ್ಕಾಗಿ ಅವರನ್ನು ಯಾರೂ ನಕಲಿಗರೆಂದು ಹಳಿಯಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸತಕ್ಕದ್ದು ಟಿಫನಿ ದೀಪಗಳ ಕಥೆ. ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫನಿಯವರ (೧೮೪೮–೧೯೩೩) ಹೆಸರನ್ನು ಹೊತ್ತ ಗಾಜಿನ ದೀಪಗಳು ಜಗತ್ಪ್ರಸಿದ್ಧವಾದವು. ಹವ್ಯಾಸಿಗಳು ಇಂದು ಅನುಸರಿಸುವ ತಾಮ್ರದ ಪಟ್ಟಿಯ ವಿಧಾನವೂ ಅವುಗಳಿಂದಲೇ ಮನೆಮಾತಾಯಿತು. ಆ ಸಂಸ್ಥೆಯಲ್ಲಿ ೧೮೯೨ರಲ್ಲಿ ಮಹಿಳೆಯರ ಗಾಜು ಕೊಯ್ಯುವ ವಿಭಾಗವೊಂದು ಆರಂಭವಾಯಿತು. ಅದರ ಮುಖ್ಯಸ್ಥೆಯಾಗಿದ್ದವರು ಓಹಾಯೊ ಪ್ರಾಂತದಿಂದ ಬಂದ ಕ್ಲಾರಾ ಡ್ರಿಸ್ಕಾಲ್ (೧೮೬೧–೧೯೪೪). ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆದ ಏರೋಪ್ಲೇನ್ ಚಿಟ್ಟೆಯ ದೀಪ, ಸುಮಾರು ಎರಡು ಸಾವಿರ ಗಾಜಿನ ತುಂಡುಗಳಿಂದಾದ ವಿಸ್ಟೀರಿಯಾ ಹೂಗೊಂಚಲಿನ ದೀಪ, ಇವುಗಳ ನಮೂನೆ ಅವರದು. ಅವರ ಕೈಕೆಳಗಿನ ಹೆಣ್ಣುಮಕ್ಕಳು ಆ ನಮೂನೆಗೆ ತಕ್ಕ ಗಾಜನ್ನು ಆರಿಸಿ ಕೊಯ್ಯುತ್ತಿದ್ದರು. ನಮೂನೆ ಒಂದೇ ಆದರೂ ಆರಿಸಿದ ಗಾಜು ಬೇರೆಯಾದುದರಿಂದ ಒಂದು ದೀಪದಂತೆ ಇನ್ನೊಂದು ದೀಪವಿಲ್ಲ. ಆದರೆ ಮದುವೆಯಾದ ಹೆಣ್ಣಿಗೆ ಆ ಸಂಸ್ಥೆಯಲ್ಲಿ ಕೆಲಸವಿರಲಿಲ್ಲ. ದೀಪದ ಮೇಲೆ ಇವರಾರ ಹೆಸರೂ ಇರಲಿಲ್ಲ. ಡ್ರಿಸ್ಕಾಲ್ ತಮ್ಮ ತಾಯಿಗೂ ಸೋದರಿಯರಿಗೂ ಬರೆದ ಪತ್ರಗಳನ್ನು ವಿದ್ವಾಂಸರು ಓದಿ, ೨೦೦೭ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದ ಮೇಲೆಯೇ ಲೋಕಕ್ಕೆ ಈ ಸಂಗತಿ ಚೆನ್ನಾಗಿ ತಿಳಿದದ್ದು.

ಈ ಕಥೆಯಿಂದ ನನಗೆ ತೋರುವುದಿಷ್ಟು. ಒಬ್ಬರ ನಮೂನೆಯನ್ನು ಇನ್ನೊಬ್ಬರು ಕೈಯಿಂದ ನಡೆಸಿದ್ದರಲ್ಲಿ ಅಲ್ಲಿ ದೋಷವಿರಲಿಲ್ಲ. ಬರೆದವರ ಹೆಸರನ್ನೂ ಮಾಡಿದವರ ಹೆಸರನ್ನೂ ಮುಚ್ಚಿಟ್ಟದ್ದರಲ್ಲಿ ದೋಷವಿತ್ತು. ನಾವು ಕೇಳಬೇಕಾದ ಪ್ರಶ್ನೆ "ಇದು ಸ್ವಂತವೇ?" ಎಂಬುದಲ್ಲ, "ಇದರಲ್ಲಿ ಯಾರ ಯಾರ ಪಾಲಿದೆ, ಅದನ್ನು ಹೇಳಿದ್ದೀರಾ?" ಎಂಬುದು. ಅರಮನೆಯ ಛಾವಣಿಯನ್ನು ನೋಡಿ ಬೆರಗಾಗುವ ನಮ್ಮಲ್ಲಿಯೂ, ಆ ನವಿಲನ್ನು ಬರೆದವರು ಯಾರು, ಗಾಜನ್ನು ಕೊಯ್ದವರು ಯಾರು ಎಂದು ವಿಚಾರಿಸುವವರು ಅಪರೂಪ.

ಇದಕ್ಕೊಂದು ಆಕ್ಷೇಪಣೆ ಬರಬಹುದು. ನಮೂನೆಯನ್ನೇ ನೆಚ್ಚಿದವರ ಕಲ್ಪನಾಶಕ್ತಿ ಜಡವಾಗುವುದಿಲ್ಲವೇ, ಮನೆಮನೆಯ ಕಿಟಕಿಯಲ್ಲಿಯೂ ಅದೇ ಗುಲಾಬಿ ಅದೇ ಗಿಳಿ ಕುಳಿತುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಹತ್ತು ವರ್ಷ ಕಳೆದರೂ ನಮೂನೆಯ ಒಂದು ಗೆರೆಯನ್ನೂ ಬದಲಿಸದವರು ಕುಶಲಿಗಳಾದಾರು, ಕಲಾವಿದರಾಗಲಾರರು. ಆದರೆ ಮೊದಲ ದಿನವೇ ಸ್ವಂತವನ್ನು ಬೇಡುವುದೂ ಅನ್ಯಾಯ. ನಮ್ಮ ಮನೆಗಳ ಚುಕ್ಕಿ ರಂಗೋಲಿಯನ್ನೇ ನೋಡಿರಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ, ನೆರೆಮನೆಯ ಅಂಗಳದಿಂದ ನಮ್ಮ ಅಂಗಳಕ್ಕೆ ಎಳೆಗಳು ನಡೆದುಬಂದಿವೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ಆನೆ, ನವಿಲುಗಳ ನಮೂನೆಗಳು ತಲೆಮಾರುಗಳಿಂದ ಬಂದವು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳೂ ಹಾಗೆಯೇ. ಎಳೆ ಎಣಿಸಿ ಹೊಲಿಯುವ ಆ ಹೆಂಗಸರನ್ನು ನಕಲು ಮಾಡುವವರೆಂದು ಯಾರೂ ಅನ್ನುವುದಿಲ್ಲ. ಕಂಡ ನಮೂನೆಯಲ್ಲಿ ಕೈ ಪಳಗಿದ ಮೇಲೆ ಕಾಣದ ನಮೂನೆ ತಾನಾಗಿ ಹೊಳೆಯುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ರಂಗೋಲಿಯ ಎಳೆ ಊರಿನ ಸೊತ್ತು. ಪುಸ್ತಕದಲ್ಲಿ ಅಚ್ಚಾದ ನಮೂನೆಗೆ ಬರೆದವರೊಬ್ಬರು ಇದ್ದಾರೆ, ಅವರ ಜೀವನವೂ ಅದರಿಂದ ನಡೆಯಬೇಕಾಗಿದೆ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಶಾಸನದಂತೆ ಚಿತ್ರವೂ ಕೃತಿಯೇ. ಬರೆದವರ ಜೀವಿತಕಾಲವೂ ಅನಂತರದ ಅರವತ್ತು ವರ್ಷಗಳೂ ಅದರ ಹಕ್ಕು ಉಳಿದಿರುತ್ತದೆ. ಎಷ್ಟರ ಮಟ್ಟಿಗೆ ನಮೂನೆಗಳನ್ನು ಬಳಸಬಹುದೆಂದು ಕೆಲವು ಪುಸ್ತಕಗಳ ಮೊದಲ ಪುಟದಲ್ಲಿಯೇ ಅಚ್ಚಾಗಿರುತ್ತದೆ. ಅದನ್ನು ಓದುವ ವ್ಯವಧಾನ ಬೇಕು. ಇಡೀ ಪುಸ್ತಕದ ಪ್ರತಿ ತೆಗೆದು ಹಂಚುವುದು, ಕೇಳದೆ ಇನ್ನೊಬ್ಬರ ನಮೂನೆಯಿಂದ ಮಾಡಿದುದನ್ನು ಅಂಗಡಿಗೆ ಕೊಡುವುದು, ಎಲ್ಲಕ್ಕಿಂತ ಮಿಗಿಲಾಗಿ "ನಾನೇ ಬರೆದದ್ದು" ಎನ್ನುವುದು, ಇವು ನಕಲಿಗಿಂತ ಕೀಳಾದುವು.

ನಮ್ಮಂತಹ ಕಾಲೇಜಿನಲ್ಲಿ ಇದನ್ನೆಲ್ಲ ಮಾಡಲು ಅನುಕೂಲವೆಲ್ಲಿ ಎಂದು ಮಿತ್ರರು ಕೇಳಬಹುದು. ಬಣ್ಣದ ಗಾಜು ದುಬಾರಿ. ಸೀಸದ ಬೆಸುಗೆಗೆ ಗಾಳಿಯಾಡುವ ಕೋಣೆ ಬೇಕು, ಕೆಲಸವಾದ ಮೇಲೆ ಕೈ ತೊಳೆಯದೆ ಅನ್ನ ಮುಟ್ಟಬಾರದು, ಗಾಜು ಮುರಿಯುವಾಗ ಕಣ್ಣಿಗೆ ಕನ್ನಡಕವಿರಬೇಕು. ಆದರೆ ಆರಂಭಕ್ಕೆ ಇಷ್ಟೆಲ್ಲ ಬೇಡ. ಕಪ್ಪು ರಟ್ಟಿನಲ್ಲಿ ನಮೂನೆಯ ಗೆರೆಗಳನ್ನಷ್ಟೇ ಉಳಿಸಿ ಕೊರೆದು, ಹಿಂದಿನಿಂದ ಬಣ್ಣದ ಜಿಲೆಟಿನ್ ಕಾಗದವನ್ನು ಅಂಟಿಸಿ ಕಿಟಕಿಗೆ ಹಿಡಿದರೆ ಬೆಳಕಿನ ಪಾಠ ಅಲ್ಲಿಯೇ ಮೊದಲಾಗುತ್ತದೆ. ಒಡೆದ ಬಳೆಚೂರುಗಳನ್ನು ನಮೂನೆಯ ಮೇಲೆ ಜೋಡಿಸಿ ಅಂಟಿಸಬಹುದು. ಸಾದಾ ಗಾಜಿನ ಕೆಳಗೆ ನಮೂನೆಯಿಟ್ಟು, ಕಪ್ಪು ಗೆರೆ ಎಳೆದು ಬಣ್ಣ ತುಂಬುವ ಗ್ಲಾಸ್ ಪೇಂಟಿಂಗ್ ನಮ್ಮ ಎಷ್ಟೋ ಮನೆಗಳಲ್ಲಿ ಆಗಲೇ ಪರಿಚಿತವಾಗಿದೆ.

ಕೊನೆಯದಾಗಿ ನಮ್ಮ ಅಧ್ಯಾಪಕವರ್ಗದವರಲ್ಲಿಯೂ ವಿದ್ಯಾರ್ಥಿಸಂಘದ ಪದಾಧಿಕಾರಿಗಳಲ್ಲಿಯೂ ಒಂದು ವಿಜ್ಞಾಪನೆ. ಮುಂದಿನ ಕರಕುಶಲ ಪ್ರದರ್ಶನದಲ್ಲಿ ಪ್ರತಿ ವಸ್ತುವಿನ ಕೆಳಗೂ ಒಂದು ಚೀಟಿಯನ್ನಿಡುವ ಪದ್ಧತಿ ಬರಲಿ. ಅದರಲ್ಲಿ ಎರಡು ಸಾಲುಗಳಿರಲಿ: "ನಮೂನೆ ಯಾರದು", "ಕೈ ಯಾರದು" ಎಂದು. ಎರಡೂ ಒಬ್ಬರದೇ ಆದರೆ ಸಂತೋಷ; ಬೇರೆ ಬೇರೆಯಾದರೆ ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ. ನಿಯಮಾವಳಿಯ "ಸ್ವಂತ ಕಲ್ಪನೆ"ಯ ಸಾಲು ಒಂದು ವಿಭಾಗಕ್ಕೆ ಮಾತ್ರ ಉಳಿದು, ನಮೂನೆಯಿಂದ ಮಾಡಿದ ಕೆಲಸಕ್ಕೆ ಇನ್ನೊಂದು ವಿಭಾಗ ಏರ್ಪಡಲಿ. ಅಲ್ಲಿ ಆಯ್ಕೆಯನ್ನೂ ಹದವನ್ನೂ ನೋಡಿ ಬಹುಮಾನ ಕೊಡಲಿ. ಹೀಗಾದರೆ, ಕಲ್ಪನೆ ಸಾಲದೆಂಬ ಹೆದರಿಕೆಯಿಂದ ಕೈಕಟ್ಟಿ ಕುಳಿತಿರುವ ನಮ್ಮಲ್ಲಿ ಹಲವರು ಏನಾದರೊಂದನ್ನು ಮಾಡಲು ಕೈಹಾಕುವರೆಂದು ನನ್ನ ನಂಬಿಕೆ.